ಓಡಲು ಬೆಟ್ಟವಿತ್ತು, ಕೈಯಲ್ಲಿ ನಕ್ಷೆ ಇರಲಿಲ್ಲ

ರಾಜಾಜಿನಗರದ ಮೇಲೆ ಕಣ್ಣಿಗೆ ಕಾಣದ ಗೆರೆಯೊಂದು ಹಾದುಹೋಗಿದೆ. ಅದು 13 ಡಿಗ್ರಿ ಉತ್ತರ ಅಕ್ಷಾಂಶ. ಮೆಟ್ರೋ ನಿಲ್ದಾಣದ ಆಸುಪಾಸಿನಲ್ಲೇ ಅದು ಬಡಾವಣೆಯನ್ನು ಅಡ್ಡಕ್ಕೆ ಸೀಳುತ್ತದೆ. ತರಕಾರಿ ತರಲು ಹೋಗುವವರಿಗೆ ಅದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದರೆ ಭಾರತೀಯ ಸರ್ವೇಕ್ಷಣಾ ಇಲಾಖೆ ತನ್ನ ನಕ್ಷೆಗಳನ್ನು ಹಾಳೆಗಳಾಗಿ ವಿಂಗಡಿಸುವುದು ಇಂತಹ ಗೆರೆಗಳ ಮೇಲೆಯೇ. ಹೀಗಾಗಿ ಮಹಾಲಕ್ಷ್ಮಿಪುರದ ಆಂಜನೇಯನ ಬಂಡೆ 57 ಜಿ/12 ಎಂಬ ಹಾಳೆಗೆ ಸೇರಿದರೆ, ಭಾಷ್ಯಂ ವೃತ್ತ 57 ಎಚ್/9 ಎಂಬ ಹಾಳೆಗೆ ಸೇರುತ್ತದೆ. ನಡೆದೇ ಹೋಗಬಹುದಾದ ಈ ಎರಡು ಜಾಗಗಳನ್ನು ಒಟ್ಟಿಗೆ ನೋಡಬೇಕಾದರೆ ಎರಡು ಹಾಳೆಗಳನ್ನು ಅಂಟಿಸಬೇಕು.

ಈ ತಾಪತ್ರಯ ಯಾರಿಗೆ ಬೇಕು ಎಂದರೆ, ನಕ್ಷೆ ಹಿಡಿದು ಓಡುವವರಿಗೆ. ಬೆಟ್ಟದೋಟ ಮತ್ತು ಓರಿಯೆಂಟೀರಿಂಗ್ ಎಂಬ ಎರಡು ಕ್ರೀಡೆಗಳು ಯುರೋಪಿನಲ್ಲಿ ನೂರು ವರ್ಷಕ್ಕೂ ಹಳೆಯವು. ಮೊದಲನೆಯದರಲ್ಲಿ ಬೆಟ್ಟ ಹತ್ತಿ ಇಳಿಯಬೇಕು. ದಾರಿ ಯಾವುದೆಂದು ಬಹಳಷ್ಟು ಸಲ ಓಟಗಾರನೇ ಆರಿಸಿಕೊಳ್ಳಬೇಕು. ಎರಡನೆಯದರಲ್ಲಿ ಕಾಡಿನಲ್ಲೋ ಬಯಲಿನಲ್ಲೋ ಅಲ್ಲಲ್ಲಿ ನೆಟ್ಟ ಗುರುತುಗಳನ್ನು ನಕ್ಷೆ ಮತ್ತು ದಿಕ್ಸೂಚಿಯ ನೆರವಿನಿಂದ ಅನುಕ್ರಮವಾಗಿ ಮುಟ್ಟಿ ಬರಬೇಕು. ಬೇಗ ಬಂದವನು ಗೆದ್ದ. ಕಾಲು ಎಷ್ಟೇ ಚುರುಕಾಗಿದ್ದರೂ ತಪ್ಪು ದಿಕ್ಕಿಗೆ ಓಡಿದವನು ಸೋತ.

ಬೆಂಗಳೂರಿನ ಸುತ್ತ ಬೆಟ್ಟಗಳಿಗೆ ಬರವಿಲ್ಲ. ಸಾವನದುರ್ಗ, ಶಿವಗಂಗೆ, ರಾಮನಗರದ ಬಂಡೆಗಳು, ನಂದಿ ಎಲ್ಲವೂ ಬೆಳಿಗ್ಗೆ ಹೋಗಿ ಸಂಜೆ ಮರಳುವ ದೂರದಲ್ಲಿವೆ. ಕರಾರುವಾಕ್ಕಾದ ನಕ್ಷೆಯ ಕೆಲಸ ಈ ನೆಲದಲ್ಲಿ ಆರಂಭವಾಗಿ ಇನ್ನೂರು ವರ್ಷ ಮೀರಿದೆ. ಬೆಟ್ಟವೂ ಇತ್ತು, ನಕ್ಷೆಯೂ ಹುಟ್ಟಿತ್ತು. ಆದರೂ ಈ ಕ್ರೀಡೆ ಇಲ್ಲಿ ಏಕೆ ಬೇರುಬಿಡಲಿಲ್ಲ? ಉತ್ತರದ ದೊಡ್ಡ ಪಾಲು ನಕ್ಷೆ ಯಾರ ಕೈಯಲ್ಲಿತ್ತು ಎಂಬುದರಲ್ಲಿದೆ.

ದಾರಿ ತಪ್ಪಿದ ಜನರಲ್

1799ರ ಏಪ್ರಿಲ್. ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಲು ಬಂದಿದ್ದ ಬ್ರಿಟಿಷ್ ಸೇನೆಯ ಒಂದು ತುಕಡಿ ರಾತ್ರಿ ಸುಲ್ತಾನ್‌ಪೇಟೆಯ ತೋಪನ್ನು ಶೋಧಿಸಲು ಹೊರಟಿತು. ಮುಂದಾಳು ಜನರಲ್ ಬೇರ್ಡ್. ತೋಪು ಖಾಲಿಯಾಗಿತ್ತು. ಹಿಂತಿರುಗುವಾಗ ಕತ್ತಲಲ್ಲಿ ತುಕಡಿ ದಿಕ್ಕು ತಪ್ಪಿತು. ಜೊತೆಯಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ ತಲೆಯೆತ್ತಿ ನಕ್ಷತ್ರಗಳನ್ನು ನೋಡಿ, ತಾವು ಉತ್ತರಕ್ಕಲ್ಲ, ದಕ್ಷಿಣಕ್ಕೆ, ಅಂದರೆ ನೇರ ಟಿಪ್ಪುವಿನ ಸೇನೆಯತ್ತಲೇ ನಡೆಯುತ್ತಿದ್ದೇವೆ ಎಂದು ಎಚ್ಚರಿಸಿದ. ನಕ್ಷತ್ರಗಳ ಸಹಾಯವಿಲ್ಲದೆಯೂ ತನಗೆ ದಾರಿ ಗೊತ್ತು ಎಂದು ಜನರಲ್ ಸಾಹೇಬರು ಗದರಿದರು. ಕೊನೆಗೆ ದಿಕ್ಸೂಚಿ ತೆಗೆದು ನೋಡಿದಾಗ ಲ್ಯಾಂಬ್ಟನ್ ಮಾತೇ ನಿಜವಾಗಿತ್ತು. ಓರಿಯೆಂಟೀರಿಂಗ್ ಕಲಿಸುವವರು ಮೊದಲ ದಿನ ಹೇಳುವ ಪಾಠವೂ ಇದೇ: ಕಾಲಿನ ಅಂದಾಜನ್ನು ನಂಬಬೇಡಿ, ಸೂಜಿಯನ್ನು ನಂಬಿ.

ಶ್ರೀರಂಗಪಟ್ಟಣ ಬಿದ್ದ ಮೇಲೆ ಗೆದ್ದ ನೆಲವನ್ನು ಅಳೆಯುವ ಕೆಲಸ ಶುರುವಾಯಿತು. ಕಾಲಿನ್ ಮೆಕೆಂಜಿಗೆ ಮೈಸೂರು ಸೀಮೆಯ ಮೋಜಣಿ ವಹಿಸಲಾಯಿತು. ಲ್ಯಾಂಬ್ಟನ್ ಕೇಳಿದ್ದು ಅದಕ್ಕಿಂತ ದೊಡ್ಡದನ್ನು. ತ್ರಿಕೋನಗಳ ಸರಪಳಿ ಹೆಣೆದು ಇಡೀ ದಕ್ಷಿಣ ಭಾರತವನ್ನು ಅಳೆಯುವುದು ಆತನ ಯೋಜನೆ. ಅದಕ್ಕೆ ಮೊದಲು ನೆಲದ ಮೇಲೆ ಒಂದು ಗೆರೆಯನ್ನು ತಪ್ಪಿಲ್ಲದೆ ಅಳೆಯಬೇಕು. ಆ ಮೊದಲ ಗೆರೆಗೆ ಆತ ಆರಿಸಿಕೊಂಡದ್ದು ಬೆಂಗಳೂರಿನ ಬಯಲು. 1800ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ನಡೆದ ಈ ಅಳತೆಯಲ್ಲಿ ಗೆರೆಯ ಉದ್ದ ಸುಮಾರು 7.4 ಮೈಲಿ, ಅಂದರೆ 12 ಕಿ.ಮೀ. ಬಂತು.

ಅಳೆಯಲು ಬಳಸಿದ ನೂರು ಅಡಿಯ ಉಕ್ಕಿನ ಸರಪಳಿಯದ್ದೇ ಒಂದು ಕಥೆ. ಲಂಡನ್ನಿನಲ್ಲಿ ತಯಾರಾದ ಅದು ಮೂಲತಃ ಚೀನಾದ ಚಕ್ರವರ್ತಿಗೆಂದು ಕಳುಹಿಸಿದ ಉಡುಗೊರೆಗಳಲ್ಲಿ ಒಂದು. ಚಕ್ರವರ್ತಿಗೆ ಬೇಡವಾಗಿ ಕಲ್ಕತ್ತೆ ಸೇರಿ, ಅಲ್ಲಿಂದ ಬೆಂಗಳೂರಿಗೆ ಬಂತು. ಬಿಸಿಲಿಗೆ ಉಕ್ಕು ಹಿಗ್ಗಿದರೆ ಲೆಕ್ಕ ಕೆಡುತ್ತದೆಂದು ಅದನ್ನು ಮರದ ಪೆಟ್ಟಿಗೆಗಳಲ್ಲಿ ಮಲಗಿಸಿ, ಉಷ್ಣಮಾಪಕ ಇಟ್ಟು ಅಳೆಯುತ್ತಿದ್ದರು. 1802ರಲ್ಲಿ ಮದರಾಸಿನಲ್ಲಿ ಇನ್ನೊಂದು ಗೆರೆ ಅಳೆದು, ಅಲ್ಲಿಂದ ತ್ರಿಕೋನಗಳನ್ನು ಹೆಣೆಯುತ್ತಾ ಬಂದು, 1804ರಲ್ಲಿ ಬೆಂಗಳೂರಿನಲ್ಲಿ ಮತ್ತೆ ಅಳೆದು ನೋಡಲಾಯಿತು. ಲೆಕ್ಕದಿಂದ ಬಂದ ಉದ್ದಕ್ಕೂ ಸರಪಳಿ ಹೇಳಿದ ಉದ್ದಕ್ಕೂ ಇದ್ದ ವ್ಯತ್ಯಾಸ ನಾಲ್ಕು ಅಂಗುಲಕ್ಕಿಂತ ಕಡಿಮೆ!

ತ್ರಿಕೋನದ ಮೂಲೆಗಳೆಂದರೆ ಬೆಟ್ಟದ ತುದಿಗಳು. ಅಧಿಕಾರಿ ಒಂದು ಶಿಖರದಲ್ಲಿ ದುರ್ಬೀನು ಹಿಡಿದು ನಿಂತರೆ, ದೂರದ ಇನ್ನೊಂದು ಶಿಖರದಲ್ಲಿ ಯಾರಾದರೂ ಬಾವುಟ ಹಿಡಿದು ನಿಲ್ಲಬೇಕಿತ್ತು. ಮುಳ್ಳು ಸವರಿ, ಬಂಡೆ ಹತ್ತಿ ಆ ಬಾವುಟ ನೆಟ್ಟವರು ಸ್ಥಳೀಯ ಆಳುಗಳು. ಗೊತ್ತುಪಡಿಸಿದ ದಿಕ್ಕಿನಲ್ಲಿ ಗೊತ್ತುಪಡಿಸಿದ ತುದಿ ಮುಟ್ಟುವ ಕೆಲಸವನ್ನು ಈ ಸೀಮೆಯಲ್ಲಿ ಮೊದಲು ಮಾಡಿದವರು ಅವರೇ. ಹೆಸರುಗಳು ಮಾತ್ರ ಉಳಿದಿಲ್ಲ.

ಗೆಜ್ಜೆಕೋಲಿನ ಓಟಗಾರರು

ಓಡುವವರಿಗೂ ಕೊರತೆಯಿರಲಿಲ್ಲ. ಚಿಕ್ಕದೇವರಾಜ ಒಡೆಯರು 1672ರಲ್ಲಿ ಆರಂಭಿಸಿದ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಅಂಚೆಯೊಡನೆ ವಿಲೀನವಾಗುವವರೆಗೂ ಬಹುಪಾಲು ಕಾಲಿನ ಬಲದ ಮೇಲೆಯೇ ನಡೆಯಿತು. ಗೆಜ್ಜೆ ಕಟ್ಟಿದ ಕೋಲು ಹಿಡಿದು, ಚೀಲ ಹೊತ್ತು ಓಡುವ ಅಂಚೆಯವನು ತನ್ನ ಪಾಲಿನ ದೂರ ಮುಗಿಸಿ ಮುಂದಿನವನಿಗೆ ಚೀಲ ದಾಟಿಸುತ್ತಿದ್ದ. ಬೆಂಗಳೂರಿನ ಅಂಚೆಪೇಟೆಯ ಹೆಸರಿನಲ್ಲಿ ಆ ವ್ಯವಸ್ಥೆಯ ನೆನಪು ಇನ್ನೂ ಇದೆ. ಅವನಿಗೆ ನಕ್ಷೆ ಬೇಕಿರಲಿಲ್ಲ, ದಿನವೂ ಓಡುವ ದಾರಿಯದು. ಅಂಚೆಯವನ ಓಟಕ್ಕೂ ಓರಿಯೆಂಟೀರಿಂಗ್‌ಗೂ ಇರುವ ವ್ಯತ್ಯಾಸ ಇಲ್ಲೇ ಇದೆ. ಒಂದು ಗೊತ್ತಿರುವ ದಾರಿಯ ಓಟ, ಇನ್ನೊಂದು ಗೊತ್ತಿಲ್ಲದ ನೆಲದ ಓಟ.

ಗೊತ್ತಿಲ್ಲದ ನೆಲವನ್ನು ಹೆಜ್ಜೆ ಎಣಿಸಿ ಅಳೆದವರೂ ಈ ದೇಶದಲ್ಲೇ ಇದ್ದರು. 1860ರ ದಶಕದಲ್ಲಿ ಸರ್ವೇಕ್ಷಣಾ ಇಲಾಖೆ ಟಿಬೆಟ್ಟಿಗೆ ಗುಟ್ಟಾಗಿ ಕಳುಹಿಸಿದ ಕುಮಾವೋಂನ ನೈನ್ ಸಿಂಗ್ ಜಪಮಾಲೆಯಲ್ಲಿ 108ರ ಬದಲು ನೂರೇ ಮಣಿ ಪೋಣಿಸಿಕೊಂಡಿದ್ದ. ನೂರು ಹೆಜ್ಜೆಗೊಂದು ಮಣಿ. ಎರಡು ಸಾವಿರ ಹೆಜ್ಜೆಗೆ ಒಂದು ಮೈಲಿ ಬರುವಂತೆ ನಡಿಗೆಯನ್ನೇ ಪಳಗಿಸಿಕೊಂಡಿದ್ದರಿಂದ, ಮಾಲೆ ಒಂದು ಸುತ್ತು ಮುಗಿದರೆ ಐದು ಮೈಲಿ. ಇಂದಿನ ಓರಿಯೆಂಟೀರಿಂಗ್ ಓಟಗಾರ ನೂರು ಮೀಟರಿಗೆ ತನ್ನ ಹೆಜ್ಜೆ ಎಷ್ಟೆಂದು ಎಣಿಸಿ ಇಟ್ಟುಕೊಳ್ಳುವುದು ಇದೇ ವಿದ್ಯೆ.

ಸೇನೆಯಿಂದ ಶಾಲಾಮಕ್ಕಳಿಗೆ

ಅತ್ತ ಯುರೋಪಿನಲ್ಲಿ ನಡೆದದ್ದು ಬೇರೆ. ‘ಓರಿಯೆಂಟೀರಿಂಗ್’ ಎಂಬ ಮಾತು ಸ್ವೀಡನ್ನಿನ ಸೇನಾ ಶಾಲೆಯಲ್ಲಿ 1886ರಲ್ಲಿ ಬಳಕೆಗೆ ಬಂದಾಗ ಅದಕ್ಕೆ ಅಪರಿಚಿತ ನೆಲವನ್ನು ನಕ್ಷೆ ಮತ್ತು ದಿಕ್ಸೂಚಿಯಿಂದ ದಾಟುವುದು ಎಂಬಷ್ಟೇ ಅರ್ಥ. 1897ರಲ್ಲಿ ನಾರ್ವೆಯ ಕ್ರೀಡಾ ಸಂಘವೊಂದು ಸಾರ್ವಜನಿಕರಿಗಾಗಿ ಇಂತಹ ಸ್ಪರ್ಧೆ ನಡೆಸಿತು. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಸ್ವೀಡನ್ನಿನ ಯುವಕರು ಮೈದಾನದ ಓಟದಲ್ಲಿ ಆಸಕ್ತಿ ಕಳೆದುಕೊಳ್ಳುತ್ತಿದ್ದುದನ್ನು ಕಂಡ ಮೇಜರ್ ಅರ್ನ್ಸ್ಟ್ ಕಿಲಾಂಡರ್, ಅವರನ್ನು ನಕ್ಷೆ ಕೊಟ್ಟು ಕಾಡಿಗೆ ಬಿಟ್ಟ. ಆತ ಸೇನಾಧಿಕಾರಿಯಷ್ಟೇ ಅಲ್ಲ, ಸ್ಕೌಟ್ ಮುಖಂಡನೂ ಆಗಿದ್ದ. 1919ರ ಮಾರ್ಚ್ 25ರಂದು ಸ್ಟಾಕ್‌ಹೋಮ್ ಹೊರವಲಯದಲ್ಲಿ ನಡೆದ ಸ್ಪರ್ಧೆಗೆ ಇನ್ನೂರಕ್ಕೂ ಹೆಚ್ಚು ಮಂದಿ ಬಂದರು. 1930ರ ದಶಕದಲ್ಲಿ ಪಾರದರ್ಶಕ ತಳದ ಅಗ್ಗದ ದಿಕ್ಸೂಚಿ ಪೇಟೆಗೆ ಬಂತು. ನಕ್ಷೆಯ ಮೇಲೆ ಇಟ್ಟು ತಿರುಗಿಸಿದರೆ ಸಾಕು, ದಿಕ್ಕು ಸಿಗುತ್ತದೆ. ಶಾಲಾಮಕ್ಕಳೂ ಕಲಿತರು. 1961ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಸ್ಥಾಪನೆಯಾಗಿ, 1966ರಲ್ಲಿ ಫಿನ್ಲೆಂಡಿನಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು.

ಬೆಟ್ಟದೋಟಕ್ಕೆ ಇಷ್ಟು ಶಿಸ್ತಿನ ಇತಿಹಾಸವಿಲ್ಲ. ಅದು ಇಂಗ್ಲೆಂಡಿನ ಉತ್ತರ ಭಾಗ ಮತ್ತು ಸ್ಕಾಟ್ಲೆಂಡಿನ ಕುರಿಗಾಹಿಗಳ, ಜಾತ್ರೆಗಳ ಆಟ. ಗ್ರಾಸ್‌ಮಿಯರ್ ಎಂಬ ಹಳ್ಳಿಯ ಕ್ರೀಡಾಮೇಳದಲ್ಲಿ 1868ರಷ್ಟು ಹಿಂದೆಯೇ ಬೆಟ್ಟ ಹತ್ತಿಳಿಯುವ ಪಂದ್ಯವಿತ್ತು. 1895ರಲ್ಲಿ ಕ್ಷೌರದ ವೃತ್ತಿಯ ವಿಲಿಯಂ ಸ್ವಾನ್ ಬ್ರಿಟನ್ನಿನ ಅತ್ಯಂತ ಎತ್ತರದ ಬೆನ್ ನೆವಿಸ್ ಪರ್ವತವನ್ನು 2 ಗಂಟೆ 41 ನಿಮಿಷದಲ್ಲಿ ಹತ್ತಿಳಿದ. 1932ರಲ್ಲಿ ಬಾಬ್ ಗ್ರಹಾಂ ಎಂಬ ವಸತಿಗೃಹದ ಮಾಲೀಕ ಒಂದೇ ದಿನದಲ್ಲಿ 42 ಶಿಖರ ಸುತ್ತಿದ. ಮಂಜು ಕವಿದರೆ ಎದುರಿನವನೇ ಕಾಣದ ಆ ಬೆಟ್ಟಗಳಲ್ಲಿ ನಕ್ಷೆ, ದಿಕ್ಸೂಚಿ, ಸೀಟಿ, ಮಳೆಯಂಗಿ ಇಲ್ಲದೆ ಓಡಲು ಇಂದಿಗೂ ಅನೇಕ ಪಂದ್ಯಗಳಲ್ಲಿ ಬಿಡುವುದಿಲ್ಲ.

ಇಲ್ಲೊಂದು ಸ್ವಾರಸ್ಯವಿದೆ. ಭಾರತದ ಮೊದಲ ಸ್ಕೌಟ್ ದಳ ಹುಟ್ಟಿದ್ದು ಬೆಂಗಳೂರಿನಲ್ಲಿ, 1909ರಲ್ಲಿ, ಬಿಷಪ್ ಕಾಟನ್ ಶಾಲೆಯಲ್ಲಿ. ಕಿಲಾಂಡರ್ ತನ್ನ ಹುಡುಗರನ್ನು ಕಾಡಿಗೆ ಅಟ್ಟುವುದಕ್ಕೆ ಹತ್ತು ವರ್ಷ ಮೊದಲು! ಆದರೆ ಆರಂಭದ ಸ್ಕೌಟಿಂಗ್ ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗೆ ಮಾತ್ರ ಮೀಸಲಾಗಿತ್ತು. ಊರಿನ ಹುಡುಗರು ಹೊರಗೇ ಉಳಿದರು. ಮುಂದೆ ಅವರಿಗೂ ಬಾಗಿಲು ತೆರೆಯಿತಾದರೂ ಸ್ಕೌಟಿನ ದಿಕ್ಸೂಚಿ ಪಾಠ ಶಿಬಿರದ ಬೇಲಿ ದಾಟಿ ಕ್ರೀಡೆಯಾಗಲಿಲ್ಲ. ಎನ್‌ಸಿಸಿಯ ‘ಮ್ಯಾಪ್ ರೀಡಿಂಗ್’ ಪಾಠದ ಗತಿಯೂ ಅದೇ. ಪರೀಕ್ಷೆಗೆಂದು ಕಲಿತದ್ದು ಪರೀಕ್ಷೆಯೊಂದಿಗೆ ಮುಗಿಯುತ್ತಿತ್ತು. ಮನೆಗೆ ಕೊಂಡುಹೋಗಿ, ಗೆಳೆಯರೊಡನೆ ಭಾನುವಾರ ಬೆಟ್ಟಕ್ಕೆ ಹೋಗಿ ಬಳಸಲು ಹುಡುಗರ ಬಳಿ ನಕ್ಷೆ ಎಲ್ಲಿತ್ತು?

ಎಂಬತ್ತು ಕಿಲೋಮೀಟರಿನ ಬೀಗ

ಚೀನಾ ಮತ್ತು ಪಾಕಿಸ್ತಾನದ ಯುದ್ಧಗಳನ್ನು ಕಂಡ 1960ರ ದಶಕದಲ್ಲಿ ನಕ್ಷೆಗಳ ಮೇಲಿನ ಕಟ್ಟುನಿಟ್ಟು ಹೆಚ್ಚಿತು. ದೇಶದ ಗಡಿ ಮತ್ತು ಕಡಲತೀರದಿಂದ ಒಳಕ್ಕೆ ಸುಮಾರು 80 ಕಿ.ಮೀ. ಅಗಲದ ಪಟ್ಟಿಯ ವಿವರವಾದ ನಕ್ಷೆಗಳು ನಿರ್ಬಂಧಿತವೆನಿಸಿದವು. ಈ ನಿಯಮ ಬರೆದವರ ಕಣ್ಣು ಗಡಿಯ ಮೇಲಿತ್ತು. ಆದರೆ ಕರ್ನಾಟಕದಲ್ಲಿ ಅದರ ಪೆಟ್ಟು ಬಿದ್ದದ್ದು ಪಶ್ಚಿಮ ಘಟ್ಟಕ್ಕೆ. ಕಡಲಿನಿಂದ ಕುದುರೆಮುಖ ಶಿಖರಕ್ಕೆ ನೇರ ಗೆರೆ ಎಳೆದರೆ ಐವತ್ತು ಕಿ.ಮೀ. ಆಸುಪಾಸು. ನಾಡಿನಲ್ಲಿ ಬೆಟ್ಟದೋಟಕ್ಕೆ ಹೇಳಿ ಮಾಡಿಸಿದಂತಹ ಹುಲ್ಲುಗಾವಲಿನ ಸಾಲುಗಳು ಹೀಗೆ ನಕ್ಷೆಯಿಲ್ಲದ ನಾಡಾದವು. (ಕುದುರೆಮುಖದ ನೆಲದಲ್ಲಿ ಅಯಸ್ಕಾಂತ ಗುಣದ ಕಬ್ಬಿಣದ ಅದಿರಿದೆ, ಅಂತಹ ಕಡೆ ದಿಕ್ಸೂಚಿಯ ಸೂಜಿಯೂ ಅಡ್ಡ ತಿರುಗುವುದುಂಟು. ನಕ್ಷೆಯೂ ಇಲ್ಲ, ಸೂಜಿಯ ಮೇಲೆ ಭರವಸೆಯೂ ಇಲ್ಲ ಎಂದರೆ ಚಾರಣಿಗರ ಪಾಡನ್ನು ಊಹಿಸಬಹುದು.)

ಬೆಂಗಳೂರು ಈ ಪಟ್ಟಿಯ ಹೊರಗಿತ್ತು ನಿಜ. ಆದರೆ ಹಾಳೆ ಬೇಕೆಂದವರು ಸರ್ಕಾರಿ ಕಚೇರಿಯನ್ನೇ ಹುಡುಕಿಕೊಂಡು ಹೋಗಬೇಕಿತ್ತು. ನಕ್ಷೆಯೆಂದರೆ ಗುಟ್ಟಿನ ವಸ್ತು, ಕೇಳುವವನ ಮೇಲೆ ಒಂದು ಕಣ್ಣಿರಬೇಕು ಎಂಬ ಭಾವನೆ ಎರಡು ತಲೆಮಾರುಗಳ ತನಕ ಉಳಿಯಿತು. ಪುಸ್ತಕದಂಗಡಿಯಲ್ಲಿ ಸಿಗದ ವಸ್ತು ಆಟದ ಸಾಮಾನಾಗುವುದು ಸಾಧ್ಯವಿಲ್ಲ. ಬ್ಯಾಟು ಚೆಂಡುಗಳಿಗೆ ಪರವಾನಗಿ ಕೇಳಿದ್ದರೆ ಗಲ್ಲಿ ಕ್ರಿಕೆಟ್ ಇರುತ್ತಿತ್ತೆ?

ಬೀಗ ಸಡಿಲವಾದದ್ದು ನಿಧಾನವಾಗಿ. 2005ರ ರಾಷ್ಟ್ರೀಯ ನಕ್ಷಾ ನೀತಿ ರಕ್ಷಣಾ ನಕ್ಷೆಗಳನ್ನು ಬೇರೆ ಮಾಡಿ, ಸಾರ್ವಜನಿಕರಿಗಾಗಿ ಮುಕ್ತ ಸರಣಿಯನ್ನು ತಂದಿತು. 2017ರಲ್ಲಿ ಇಲಾಖೆ ‘ನಕ್ಷೆ’ ಎಂಬ ಹೆಸರಿನ ಅಂತರಜಾಲ ತಾಣ ತೆರೆದು ಹಾಳೆಗಳನ್ನು ಉಚಿತವಾಗಿ ಇಳಿಸಿಕೊಳ್ಳಲು ಬಿಟ್ಟಿತು. 2021ರ ಫೆಬ್ರವರಿಯ ಮಾರ್ಗಸೂಚಿ ಇನ್ನೂ ಮುಂದೆ ಹೋಗಿ, ನಕ್ಷೆ ತಯಾರಿಸಲು ಭಾರತೀಯರು ಪೂರ್ವಾನುಮತಿ ಪಡೆಯಬೇಕೆಂಬ ಕಟ್ಟಳೆಯನ್ನೇ ಬಹುಮಟ್ಟಿಗೆ ತೆಗೆದುಹಾಕಿತು.

ರಾಜಾಜಿನಗರದಲ್ಲಿ ಒಂದು ವಾರ

ಹಾಳೆ ಸಿಕ್ಕ ಮೇಲೆ ತರಬೇತಿ ಹೇಗೆ? ಪಶ್ಚಿಮ ಬೆಂಗಳೂರಿನವರಿಗೆ ಇದು ಅಷ್ಟೇನೂ ಕಷ್ಟವಲ್ಲ. 1949ರಲ್ಲಿ ಆರಂಭವಾಗಿ, ಆಗಿನ ಗವರ್ನರ್ ಜನರಲ್ ರಾಜಾಜಿ ಅವರ ಹೆಸರು ಪಡೆದ ಈ ಬಡಾವಣೆ ಬ್ಲಾಕು, ಮೇನು, ಕ್ರಾಸುಗಳೆಂದು ಲೆಕ್ಕ ಹಾಕಿ ಕಟ್ಟಿದ್ದು. ನಕ್ಷೆಯ ಗೆರೆಯನ್ನು ನೆಲದ ಮೇಲೆ ಗುರುತಿಸಲು ಹೊಸಬರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇಡ.

ಸೋಮವಾರ ಸಾಮಾನ್ಯವಾಗಿ ವಿಶ್ರಾಂತಿ, ನಕ್ಷೆಯ ಮುಂದೆ ಕೂರುವ ದಿನ. ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಸಮೋನ್ನತ ರೇಖೆಗಳನ್ನು ಓದುವುದು ಇಲ್ಲಿ ಮುಖ್ಯ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು, ದೂರ ದೂರ ಇದ್ದರೆ ಸಲೀಸಾದ ನೆಲ. ಮಂಗಳವಾರ ಏರಿನ ಓಟ. ಮಹಾಲಕ್ಷ್ಮಿಪುರದ ಬಂಡೆಯ ಸುತ್ತಲಿನ ಏರು ರಸ್ತೆಗಳಲ್ಲಿ ಹತ್ತಾರು ಸಲ ಹತ್ತಿ ಇಳಿಯಬೇಕು. ಹತ್ತುವುದೇ ಕಷ್ಟವೆಂದು ಹೊಸಬರು ತಿಳಿಯುತ್ತಾರೆ. ನಿಜವಾಗಿ ತೊಡೆಯನ್ನು ನೋಯಿಸುವುದು ಇಳಿಯುವ ಓಟ. ಇಳಿಯುವಾಗ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯಬೇಕಾಗುವುದರಿಂದ ಅದರ ಎಳೆಗಳಿಗೆ ಪೆಟ್ಟಾಗುತ್ತದೆ. ನೋವು ಕಾಣಿಸಿಕೊಳ್ಳುವುದು ಮರುದಿನ ಅಥವಾ ಅದರ ಮರುದಿನ. ಆದ್ದರಿಂದಲೇ ಬುಧವಾರ ಹಗುರ ಓಟ, ಅದರ ಜೊತೆ ಹೆಜ್ಜೆ ಎಣಿಕೆ. ನೂರು ಮೀಟರ್ ಗುರುತಿಸಿಕೊಂಡು ಬಲಗಾಲು ಎಷ್ಟು ಸಲ ನೆಲ ಮುಟ್ಟಿತೆಂದು ಎಣಿಸಬೇಕು. ಸಪಾಟು ರಸ್ತೆಯಲ್ಲಿ ನಲವತ್ತರ ಆಸುಪಾಸು ಬಂದರೆ, ಏರಿನಲ್ಲಿ, ಪೊದೆಯಲ್ಲಿ ಬೇರೆಯೇ ಲೆಕ್ಕ. ನೈನ್ ಸಿಂಗನ ಮಣಿಮಾಲೆ ಇಲ್ಲಿ ನೆನಪಾಗದಿರದು.

ಗುರುವಾರದ ಪಾಠ ಅಡ್ಡರಸ್ತೆಗಳಲ್ಲಿ. ನಕ್ಷೆಯನ್ನು ಮಡಿಸಿ, ತಾನಿರುವ ಜಾಗದ ಮೇಲೆ ಹೆಬ್ಬೆರಳಿಟ್ಟು, ಓಡಿದಂತೆ ಬೆರಳನ್ನೂ ಜರುಗಿಸುತ್ತಾ ಹೋಗಬೇಕು. ತಿರುವು ಬಂದಾಗಲೆಲ್ಲ ನಕ್ಷೆಯನ್ನು ತಿರುಗಿಸಿ ಅದರ ಉತ್ತರವನ್ನು ನೆಲದ ಉತ್ತರಕ್ಕೆ ಹೊಂದಿಸಬೇಕು. ಅಕ್ಷರ ತಲೆಕೆಳಗಾದರೂ ಚಿಂತೆಯಿಲ್ಲ. ಅಂದಹಾಗೆ ದಿಕ್ಸೂಚಿಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಬೆಂಗಳೂರಿನಲ್ಲಿ ಎರಡು ಡಿಗ್ರಿಯಷ್ಟೂ ಅಂತರವಿಲ್ಲ. ಲೋಕದ ಎಷ್ಟೋ ಕಡೆ ಓಟಗಾರರು ಕೂಡಿ ಕಳೆದು ಸುಸ್ತಾಗುವ ಲೆಕ್ಕದಿಂದ ಇಲ್ಲಿನವರು ಪಾರು. ಶುಕ್ರವಾರ ಬಿಡುವು. ಶನಿವಾರ ಮುಂಜಾವಿನ ಕತ್ತಲಲ್ಲಿ ತಲೆದೀಪ ಕಟ್ಟಿ, ಬಸವೇಶ್ವರನಗರದ ಮೇಲೆ ವೃಷಭಾವತಿ ಕಣಿವೆಯತ್ತ ಇಳಿಯುವ ನೆಲವನ್ನು ಅನುಸರಿಸುವ ಓಟ. ಕಟ್ಟಡಗಳು ಮುಚ್ಚಿಹಾಕಿರುವ ಕಣಿವೆಯ ಆಕಾರ ಕಣ್ಣಿಗಿಂತ ಮೊದಲು ಕಾಲಿಗೆ ತಿಳಿಯುತ್ತದೆ.

ಭಾನುವಾರ ಮಾಗಡಿ ರಸ್ತೆ ಹಿಡಿದು ಸಾವನದುರ್ಗಕ್ಕೆ. ರಾಜಾಜಿನಗರದಿಂದ ನೇರ ಗೆರೆ ಎಳೆದರೆ ಸುಮಾರು ಮೂವತ್ತು ಕಿ.ಮೀ. ಅದು 57 ಎಚ್/5ನೆಯ ಹಾಳೆ, ಅಂದರೆ ಪಕ್ಕದ ಇನ್ನೊಂದು ಹಾಳೆ. ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದ ಈ ಕರಿಗುಡ್ಡ, ಬಿಳಿಗುಡ್ಡಗಳ ಜೋಡಿಯನ್ನು 1791ರ ಡಿಸೆಂಬರ್‌ನಲ್ಲಿ ಕಾರ್ನ್‌ವಾಲಿಸ್‌ನ ಸೇನೆ ಮುತ್ತಿದಾಗ, ಬಿದಿರಮೆಳೆ ಕಡಿದು ಫಿರಂಗಿಗೆ ದಾರಿ ಮಾಡುವುದಕ್ಕೇ ದಿನಗಳು ಹಿಡಿದಿದ್ದವು. ಇಂದು ವೀರಭದ್ರನ ಗುಡಿಯಿಂದ ಮೇಲಕ್ಕೆ ಜನ ಸಾಲುಗಟ್ಟುತ್ತಾರೆ. ಇಂತಹ ಹಲವು ಬೆಟ್ಟಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಮನಬಂದಂತೆ ಪೊದೆಗೆ ನುಗ್ಗುವುದಕ್ಕೆ ಅವಕಾಶವಿಲ್ಲ, ಆನೆ ಚಿರತೆಗಳ ಸೀಮೆಯಲ್ಲಿ ಅದು ಸರಿಯೂ ಅಲ್ಲ.

ಎರಡು ಗೆರೆಗಳ ನಡುವೆ

ಸಾವನದುರ್ಗದಲ್ಲಿ ಹಾಳೆಯ ಮಿತಿ ಬಯಲಾಗುತ್ತದೆ. ಇಲಾಖೆಯ ಈ ನಕ್ಷೆಯಲ್ಲಿ ಎರಡು ಸೆಂಟಿಮೀಟರ್ ಎಂದರೆ ಒಂದು ಕಿಲೋಮೀಟರ್. ಸಮೋನ್ನತ ರೇಖೆಗಳ ನಡುವಿನ ಅಂತರ 20 ಮೀಟರ್. ಹದಿನೈದು ಮೀಟರಿನ ಬಂಡೆಯ ಕಡಿದು ಎರಡು ಗೆರೆಗಳ ನಡುವೆ ಬಿದ್ದರೆ ಕಾಗದದ ಮೇಲೆ ಅದು ಇಲ್ಲವೇ ಇಲ್ಲ. ಓಟಗಾರನಿಗೆ ಅದು ಐದು ಅಂತಸ್ತಿನ ಮಹಡಿ. ಓರಿಯೆಂಟೀರಿಂಗ್ ನಕ್ಷೆಗಳಲ್ಲಿ ಸಾಮಾನ್ಯವಾಗಿ ಐದು ಮೀಟರಿಗೊಂದು ರೇಖೆ ಇರುತ್ತದೆ, ಒಂದೊಂದು ಗುಂಡನ್ನೂ ಗುರುತಿಸಲಾಗುತ್ತದೆ, ಪೊದೆ ದಾಟಬಹುದೋ ಇಲ್ಲವೋ ಎಂಬುದನ್ನೂ ಬಣ್ಣದಲ್ಲಿ ತೋರಿಸಲಾಗುತ್ತದೆ.

2022ರ ಫೆಬ್ರವರಿ 20ರಂದು ನಂದಿಬೆಟ್ಟದ ಬ್ರಹ್ಮಗಿರಿಯ ಬಂಡೆಗಳಲ್ಲಿ ಚಾರಣಕ್ಕೆ ಬಂದಿದ್ದ ವಿದ್ಯಾರ್ಥಿಯೊಬ್ಬ ಜಾರಿ ಬಿದ್ದು, ಮೇಲಕ್ಕೂ ಹೋಗಲಾರದೆ ಕೆಳಕ್ಕೂ ಇಳಿಯಲಾರದೆ ಸಿಕ್ಕಿಕೊಂಡ. ನೆಲದ ಮೇಲಿನ ರಕ್ಷಣಾ ತಂಡಗಳಿಗೆ ಅಲ್ಲಿಗೆ ತಲುಪಲಾಗಲಿಲ್ಲ. ಕೊನೆಗೆ ಯಲಹಂಕದಿಂದ ವಾಯುಪಡೆಯ ಹೆಲಿಕಾಪ್ಟರ್ ಬಂದು ಎತ್ತಬೇಕಾಯಿತು. ಮೊಬೈಲಿನಲ್ಲಿ ತಾನಿರುವ ಜಾಗವನ್ನು ಪೊಲೀಸರಿಗೆ ಕಳುಹಿಸಲು ಆತನಿಗೆ ಸಾಧ್ಯವಾಗಿತ್ತು. ಆದರೆ ತಾನೆಲ್ಲಿದ್ದೇನೆ ಎಂಬುದನ್ನಷ್ಟೇ ಮೊಬೈಲು ಹೇಳುತ್ತದೆ. ಮುಂದಿನ ಹತ್ತು ಹೆಜ್ಜೆಯಲ್ಲಿ ಬಂಡೆ ಎಷ್ಟು ಕಡಿದಾಗಿದೆ ಎಂಬುದು ಗೊತ್ತಾಗಬೇಕಾದರೆ ಅದನ್ನು ಯಾರಾದರೂ ಮೊದಲೇ ನಡೆದು ನೋಡಿ ಬರೆದಿಟ್ಟಿರಬೇಕು.

ಆ ಕೆಲಸಕ್ಕೆ ಈಗ ಕಾನೂನಿನ ಅಡ್ಡಿ ಬಹುತೇಕ ಇಲ್ಲ, ಸಮಯದ ಅಡ್ಡಿಯಿದೆ. ಒಂದು ಚದರ ಕಿಲೋಮೀಟರ್ ನೆಲದ ಓರಿಯೆಂಟೀರಿಂಗ್ ನಕ್ಷೆಗೆ ಅನುಭವಿಗಳಿಗೂ ಸಾಮಾನ್ಯವಾಗಿ ಇಪ್ಪತ್ತು ಮೂವತ್ತು ಗಂಟೆಗಳ ಓಡಾಟ ಬೇಕು, ಅದೂ ಕಾಲ್ನಡಿಗೆಯಲ್ಲಿ. ಅಲ್ಲಿಯವರೆಗೆ ಪಶ್ಚಿಮ ಬೆಂಗಳೂರಿನವರಿಗೆ ಇಲಾಖೆಯ ಹಾಳೆಗಳೇ ಗತಿ. 57 ಜಿ/12 ಮತ್ತು 57 ಎಚ್/9ನ್ನು ಇಳಿಸಿಕೊಂಡು, ಮುದ್ರಿಸಿ, 13ನೇ ಅಕ್ಷಾಂಶದ ಉದ್ದಕ್ಕೂ ಕತ್ತರಿಸಿ ಅಂಟಿಸಬೇಕು. ಅಂಟಿಸುವಾಗ ಅಂಚು ಎರಡೇ ಮಿಲಿಮೀಟರ್ ಒಂದರ ಮೇಲೊಂದು ಕೂತರೂ ನೂರು ಮೀಟರ್ ನೆಲ ಮಾಯವಾಗುತ್ತದೆ. ರಾಜಾಜಿನಗರದಲ್ಲಿ ಅಷ್ಟರಲ್ಲಿ ಒಂದೆರಡು ಕ್ರಾಸು, ಅವುಗಳಲ್ಲಿರುವ ಮನೆಗಳು ಹೋದಂತೆಯೇ.